ಒಂದು ಚೆಂಬು ನೀರು

ಭಾನುವಾರ ಸಂಜೆ ಬೀಜಾಡಿಯ ಭೋಜರಾಜ ಶೆಟ್ಟರು ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ ಒಲೆಯ ಮುಂದೆ ನಿಂತರು. ಬೈಂದೂರಿನಿಂದ ಹೆಂಡತಿಯ ತಮ್ಮ ರವಿರಾಜ್ ಬರುವವನಿದ್ದ.

"ಇವತ್ತ್ ಗೋಳಿಬಜೆ ನಂದ್. ನೀನ್ ಹೊರಗ್ ಕೂಕೋ," ಎಂದರು ಹೆಂಡತಿ ಗುಲಾಬಿಗೆ.

ಶೆಟ್ಟರು ಮೂವತ್ತು ವರ್ಷ ಬೊಂಬಾಯಿಯಲ್ಲಿ ಹೋಟೆಲು ನಡೆಸಿದವರು. ಅವರಿಗೆ ಬಾರದ ಅಡುಗೆ ಯಾವುದಿದ್ದೀತು ಎಂದು ಊರವರೆಲ್ಲ ನಂಬಿದ್ದರು. ಆ ಮೂವತ್ತು ವರ್ಷವೂ ಅವರು ಕೂತದ್ದು ಗಲ್ಲಾಪೆಟ್ಟಿಗೆಯ ಹಿಂದೆ ಎಂಬುದು ಗುಲಾಬಿಗೆ ಮಾತ್ರ ಗೊತ್ತಿತ್ತು. ಅಡುಗೆಮನೆಗೆ ಕಾಲಿಡುತ್ತಿದ್ದದ್ದು ಅಡುಗೆಯವನು ಬಾರದ ದಿನ, ಅದೂ ಉಳಿದವರನ್ನು ಬೈಯಲಿಕ್ಕೆ.

"ಎಣ್ಣಿ ಕಾಯುಕ್ ಇಟ್ಟಿಕ್ ಆಚಿ ಈಚಿ ಹೋಯ್ಬೇಡಿ," ಎಂದಳು ಗುಲಾಬಿ. "ಸಂಘದಗೆ ಫಯರ್‌ನವ್ರ್ ಬಂದ್ ಅದನ್ನೇ ಹೇಳಿರ್."

"ಬಾಣಲಿಗೆ ಮುಚ್ಚಲ್ ಮುಚ್ಚುದ್ ಕಲ್ಸುಕೂ ಒಂದ್ ಕ್ಲಾಸ್!" ಶೆಟ್ಟರು ನಕ್ಕರು.

ಹಿಂದಿನ ತಿಂಗಳು ಸ್ವಸಹಾಯ ಸಂಘದ ಹೆಂಗಸರಿಗಾಗಿ ಶಾಲೆಯ ಅಂಗಳದಲ್ಲಿ ಅಗ್ನಿಶಾಮಕ ಠಾಣೆಯ ಇಬ್ಬರು ನಿಜವಾಗಿಯೂ ಎಣ್ಣೆಗೆ ಬೆಂಕಿ ಹಿಡಿಸಿ, ಮುಚ್ಚಳ ಮುಚ್ಚಿ ಆರಿಸಿ ತೋರಿಸಿದ್ದರು. ಗಂಡಸರನ್ನು ಯಾರೂ ಕರೆದಿರಲಿಲ್ಲ. ಕರೆದಿದ್ದರೂ ಅವರು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಎಣ್ಣೆ ಕಾಯಲಿಕ್ಕಿಟ್ಟಾಗ ಶೆಟ್ಟರ ಫೋನು ಬಡಿದುಕೊಂಡಿತು. ಬೊಂಬಾಯಿಯ ಹಳೆಯ ಗೆಳೆಯ. ಮಾತಾಡುತ್ತ ಜಗಲಿಗೆ ಬಂದವರು ಅಲ್ಲಿಯೇ ಕೂತರು. ಸುಟ್ಟ ವಾಸನೆ ಮೂಗಿಗೆ ಬಡಿದು ಒಳಗೆ ಓಡುವಷ್ಟರಲ್ಲಿ ಬಾಣಲೆಯಿಂದ ಬೆಂಕಿ ಮೊಳದೆತ್ತರ ಎದ್ದಿತ್ತು. ಶೆಟ್ಟರು ಕೊಡಪಾನಕ್ಕೆ ಚೆಂಬು ಅದ್ದಿದರು. ಹಿಂದಿನಿಂದ ಬಂದ ಗುಲಾಬಿ ಅವರ ಕೈ ಗಟ್ಟಿಯಾಗಿ ಹಿಡಿದಳು.

"ನೀರ್ ಬ್ಯಾಡ! ಎಣ್ಣಿ ಸಿಡಿತ್ತ್!"

ಅವರನ್ನು ಹಿಂದಕ್ಕೆ ತಳ್ಳಿ, ಒಲೆ ಆರಿಸಿ, ಅನ್ನದ ಪಾತ್ರೆಯ ದೊಡ್ಡ ಮುಚ್ಚಳವನ್ನು ಅಡ್ಡ ಹಿಡಿದುಕೊಂಡು ಬಾಣಲೆಯ ಮೇಲೆ ಜಾರಿಸಿದಳು. ಸಿಲಿಂಡರಿನ ರೆಗ್ಯುಲೇಟರನ್ನೂ ತಿರುಗಿಸಿದಳು. ಬೆಂಕಿ ಕಾಣದಾಯಿತು.

"ಮುಚ್ಚಲ್ ತೆಗಿಬೇಡಿ. ಪೂರ್ತಿ ತಣಿಲಿ."

ಚೆಂಬಿನ ನೀರು ಚೆಂಬಿನಲ್ಲಿಯೇ ಉಳಿಯಿತು. ಅದನ್ನು ಎಲ್ಲಿಡಬೇಕೆಂದು ಶೆಟ್ಟರಿಗೆ ತಿಳಿಯಲಿಲ್ಲ.

ಕಾಲು ಗಂಟೆಯಲ್ಲಿ ರವಿರಾಜ್ ಬಂದ. ಅಡುಗೆಮನೆಯ ಮಾಡಿನ ಹಂಚಿಗೆ ಹಿಡಿದ ಮಸಿ ನೋಡಿ, "ಎಂತ ಭಾವ ಇದ್?" ಎಂದು ಕೇಳಿದ.

"ಎಂತ ಇಲ್ಲೆ ಮಾರಾಯಾ. ಎಣ್ಣಿಗೆ ಬೆಂಕಿ ಹಿಡಿತ್. ಬೊಂಬಾಯಗೆ ಇಂಥದ್ ಎಷ್ಟ್ ಕಂಡಿದೆ! ಒಂದ್ ಚೆಂಬ್ ನೀರ್ ಹೊಯ್ದೆ, ಆರ್ತ್."

ಕಾಫಿ ತಂದ ಗುಲಾಬಿ ಬಾಗಿಲಲ್ಲಿ ನಿಂತಳು. ತವರಿನವರ ಎದುರು ಗಂಡನ ಮಾತು ತೆಗೆದುಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ. ಲೋಟಗಳನ್ನಿಟ್ಟು ಒಳಗೆ ಹೋದಳು.

ತಮ್ಮ ಹೊರಟ ಮೇಲೆ ಕೇಳಿದಳು: "ಎಂತಕ್ಕೆ ಹಾಂಗ್ ಹೇಳಿದ್ರಿ?"

"ಹೆಂಡ್ತಿ ಬಂದ್ ಕೈ ಹಿಡ್ದಳ್ ಅಂದ್ರೆ ನಿನ್ ತಮ್ಮನ ಎದ್ರ್ ನನ್ ಮರ್ಯಾದಿ ಎಂತಾತ್ತ್? ಬೆಂಕಿ ಆರ್ತ್ ಅಲ್ದಾ? ಯಾರ್ ಆರ್ಸಿರೆ ಎಂತ? ಒಂದ್ ಮಾತಿಂದ ಯಾರಿಗೆ ಎಂತ ನಷ್ಟ?"

ನಷ್ಟ ಏನೆಂದು ಗುಲಾಬಿಗೂ ಆಗ ಹೊಳೆಯಲಿಲ್ಲ.

ಆ ಮಾತಿಗೆ ಕಾಲು ಬಂತು. ಪ್ರವೀಣನ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಶೆಟ್ಟರು ಬೆಂಕಿಯ ಕಥೆ ಹೇಳಿದರು. ಹೇಳಿದ ಹಾಗೆಲ್ಲ ಬೆಂಕಿ ಎತ್ತರವಾಯಿತು. ನೀರು ಮಾತ್ರ ಒಂದೇ ಚೆಂಬು. ಹೇಳಿ ಹೇಳಿ ಅವರಿಗೇ ನೀರು ಹೊಯ್ದ ನೆನಪು ಬರತೊಡಗಿತ್ತು.

ಪಕ್ಕದ ಮನೆಯ ಸುಗುಣ ಗೇರುಬೀಜದ ಕಾರ್ಖಾನೆಗೆ ಹೋಗುವವಳು. ಅಗ್ನಿಶಾಮಕದವರು ಬಂದ ದಿನ ಅವಳಿಗೆ ರಜೆ ಸಿಕ್ಕಿರಲಿಲ್ಲ. ಒಂದು ದಿನ ಎರಡು ಮನೆಗಳ ನಡುವಿನ ಪಾಗಾರದ ಆಚೆಯಿಂದ ಕೇಳಿದಳು: "ಅಷ್ಟ್ ದೊಡ್ಡ್ ಬೆಂಕಿಗೆ ಒಂದೇ ಚೆಂಬ್ ಸಾಕಾಯ್ತಾ, ಭೋಜಣ್ಣ?"

"ಧೈರ್ಯ ಬೇಕ್ ಸುಗುಣಾ. ನೀರ್ ಎಷ್ಟಿರೂ ಸಾಕ್."

ಬಟ್ಟೆ ಒಣಹಾಕುತ್ತಿದ್ದ ಗುಲಾಬಿ ಇದನ್ನು ಕೇಳಿದಳು. ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡಳು. ಗಂಡ ಒಳಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಆಮೇಲೆ ಮರೆತಳು.

ಮೂರು ವಾರ ಕಳೆದಿರಬೇಕು. ಕಾರ್ಖಾನೆಯಿಂದ ಬಂದ ಸುಗುಣ ಹಲಸಿನ ಹಪ್ಪಳ ಕರಿಯಲು ಎಣ್ಣೆ ಇಟ್ಟು, ಮಗಳು ಶ್ರಾವ್ಯ ಕರೆದಳೆಂದು ಹಿತ್ತಿಲಿಗೆ ಹೋಗಿದ್ದಳು. ತಿರುಗಿ ಬರುವಾಗ ಬಾಣಲೆ ಉರಿಯುತ್ತಿತ್ತು. ಅವಳು ಹೆದರಲಿಲ್ಲ. ಚೆಂಬು ತುಂಬ ನೀರು ತೆಗೆದು, ಹತ್ತಿರ ಹೋಗಿ ಹೊಯ್ದಳು. ಬೆಂಕಿ ಒಮ್ಮೆಲೇ ಮಾಡಿನ ತನಕ ಹಾರಿತು. ಕುದಿಯುವ ಎಣ್ಣೆ ಅವಳ ಬಲಗೈ ಮೇಲೆ ಬಿತ್ತು.

ಕೂಗು ಕೇಳಿ ಗುಲಾಬಿ ಓಡಿದಳು. ಒಲೆಯ ಮೇಲೆ ಮುಕ್ಕಾಲು ಖಾಲಿಯಾದ ಬಾಣಲೆ ಇನ್ನೂ ಉರಿಯುತ್ತಿತ್ತು. ರೆಗ್ಯುಲೇಟರ್ ಕೈಗೆ ಸಿಗುವಲ್ಲಿತ್ತು. ಗ್ಯಾಸು ನಿಲ್ಲಿಸಿ, ಬಾಣಲೆಗೆ ಮುಚ್ಚಳ ಮುಚ್ಚಿ, ಸುಗುಣಳನ್ನು ಹಿತ್ತಿಲ ನಳ್ಳಿಯ ಬುಡಕ್ಕೆ ಎಳೆದುಕೊಂಡು ಹೋದಳು. ಯಾರೋ ಟೂತ್‌ಪೇಸ್ಟ್ ತಂದರು, ಯಾರೋ ಜೇನುತುಪ್ಪ ಎಂದರು.

"ಎಂತದೂ ಹಚ್ಚುದ್ ಬ್ಯಾಡ. ನೀರ್ ಬೀಳ್ತಾ ಇರ್ಲಿ. ಶ್ರಾವ್ಯ, ಅಮ್ಮನ ಬಳಿ ತೆಗಿ, ಕೈ ಬೀಗುಕ್ ಮೊದ್ಲ್."

ಬಳೆ ತೆಗೆದು, ಇಪ್ಪತ್ತು ನಿಮಿಷ ನಳ್ಳಿಯ ಕೆಳಗೆ ಕೈ ಹಿಡಿಸಿದಳು. ಅಷ್ಟರಲ್ಲಿ ಶೆಟ್ಟರು ಓಡಿಹೋಗಿ ರಿಕ್ಷಾ ತಂದಿದ್ದರು. ತೆಳು ಬಿಳಿ ಬಟ್ಟೆ ಸಡಿಲವಾಗಿ ಹೊದಿಸಿ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದರು. ಕೈ ಉಳಿಯುತ್ತದೆ, ಆದರೆ ಬೆರಳುಗಳು ಮೊದಲಿನ ಹಾಗೆ ಆಡಲು ತಿಂಗಳುಗಳೇ ಬೇಕು ಎಂದರು ಡಾಕ್ಟರು. ಬೀಜದ ಸಿಪ್ಪೆ ಬಿಡಿಸಲು ಸುಗುಣಳಿಗೆ ಬೇಕಾಗಿದ್ದದ್ದು ಆ ಬೆರಳುಗಳೇ.

ಮರುದಿನ ಶೆಟ್ಟರು ಗುಲಾಬಿಯೊಂದಿಗೆ, ಎಳನೀರಿನ ಬೊಂಡ ಹಿಡಿದುಕೊಂಡು ವಾರ್ಡಿಗೆ ಬಂದರು. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ ಸುಗುಣ ಅವರನ್ನು ಕಂಡು ನಾಚಿಕೊಂಡವಳಂತೆ ನಕ್ಕಳು.

"ನೀವ್ ಹೇಳ್ದಾಂಗೇ ಮಾಡ್ದೆ ಭೋಜಣ್ಣ. ನಂಗ್ ಆಯ್ಲಿಲ್ಲೆ. ನನ್ ಚೆಂಬ್ ಸಣ್ಣದ್. ನಿಮ್ದ್ ದೊಡ್ಡ್ ಚೆಂಬಾ?"

ಶೆಟ್ಟರು ಬೊಂಡದ ಚೀಲ ಕೆಳಗಿಟ್ಟರು. ಗುಲಾಬಿಯ ಮುಖ ನೋಡಿದರು. ಅವಳು ಕಿಟಕಿಯ ಕಡೆ ತಿರುಗಿದ್ದಳು.

"ಸುಗುಣಾ," ಎಂದರು. ಅಕ್ಕಪಕ್ಕದ ಹಾಸಿಗೆಯವರಿಗೂ ಕೇಳಿಸುತ್ತಿತ್ತು. "ನಾನ್ ನೀರ್ ಹೊಯ್ಲೇ ಇಲ್ಲೆ. ಹೊಯ್ಯುಕ್ ಹೊರ್ಟಿದೆ. ಗುಲಾಬಿ ಕೈ ಹಿಡ್ದಳ್. ಮುಚ್ಚಲ್ ಮುಚ್ಚಿ ಆರ್ಸದ್ ಅವ್ಳ್. ನಾನ್ ಊರಿಡೀ ಸುಳ್ಳ್ ಹೇಳ್ದೆ."

ಸುಗುಣ ಎಡಗೈ ಊರಿ ಎದ್ದು ಕೂತಳು. ನಗು ಹೋಗಿತ್ತು.

"ಹಾಂಗಾರೆ ಹೊಯ್ಲೇ ಇಲ್ಯಾ?"

"ಇಲ್ಲೆ."

"ನಂಗೂ ಗೊತ್ತಿತ್ತ್," ಎಂದಳು ಗುಲಾಬಿ. "ಪಾಗಾರದ ಬುಡದಗೇ ಇದ್ದಿದೆ. ಬಾಯಿ ಬಿಡ್ಲಿಲ್ಲೆ." ಅವಳ ಕಣ್ಣಲ್ಲಿ ನೀರು ಬಂತು.

ಸುಗುಣ ಗೋಡೆಯ ಕಡೆ ಮುಖ ತಿರುಗಿಸಿದಳು. "ಆಯ್ತ್, ನೀವ್ ಹೋಯಿ," ಎಂದಳು.

ಆ ವಾರ ಶೆಟ್ಟರು ಹಳೆಯ ದಾರಿಯಲ್ಲೇ ತಿರುಗಿದರು. ಎಲ್ಲೆಲ್ಲಿ ಕಥೆ ಹೇಳಿದ್ದರೋ ಅಲ್ಲೆಲ್ಲ ನಿಂತು, ಸುಳ್ಳು ಯಾವುದು ನಿಜ ಯಾವುದು ಎಂದು ಹೇಳಿದರು. ಸುಳ್ಳು ಹೇಳುವಾಗ ಸಿಕ್ಕಿದಷ್ಟು ಕೇಳುಗರು ಈಗ ಸಿಗಲಿಲ್ಲ. ಪ್ರವೀಣನ ಅಂಗಡಿಯಲ್ಲಿ ನಾಲ್ಕು ಜನ ಜೋರಾಗಿ ನಕ್ಕರು.

"ಎಂತ ಶೆಟ್ರೇ, ಬೊಂಬಾಯಿ ಹೋಟ್ಲ್ ನಡ್ಸದ್ದೂ ಗುಲಾಬಕ್ಕನೇಯಾ?" ಎಂದ ಪ್ರವೀಣ್.

ನಗು ಮುಗಿಯುವ ತನಕ ಶೆಟ್ಟರು ಕಾದರು. ಆಮೇಲೆ, "ನಿಮ್ಮನಿಯಗೆ ಎಣ್ಣಿಗೆ ಬೆಂಕಿ ಹಿಡ್ದ್ರೆ ಎಂತ ಮಾಡ್ತ್ರಿ?" ಎಂದು ಕೇಳಿದರು. ಒಬ್ಬ, "ನೀರ್ ಅಲ್ದಾ?" ಎಂದ. ಶೆಟ್ಟರು ಬೆಂಚಿನ ಮೇಲೆ ಕೂತು ಮೊದಲಿನಿಂದ ಹೇಳಿದರು.

ಕೊನೆಗೆ ಉಳಿದದ್ದು ಬೈಂದೂರು. ಭಾವಮೈದನ ಮುಂದೆ ಮರ್ಯಾದೆ ಉಳಿಸಲಿಕ್ಕೆ ಹುಟ್ಟಿದ ಮಾತು ಅದು. ಬೆಳಗಿನ ಕಾಫಿ ಕುಡಿದು, ಗುಲಾಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನು ಮಾಡಿದರು.

"ರವಿ, ಅವತ್ತ್ ನಾನ್ ನೀರ್ ಹೊಯ್ಲಿಲ್ಲೆ. ನಿನ್ ಅಕ್ಕ ಮುಚ್ಚಲ್ ಮುಚ್ಚದ್. ಉಳ್ದದ್ ಅವ್ಳೇ ಹೇಳ್ತಳ್, ನಂಗಿಂತ ಲಾಯ್ಕ್ ಗೊತ್ತಿತ್ತ್." ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.

ತಮ್ಮ ಆ ಕಡೆಯಿಂದ ಏನೇನೋ ಕೇಳುತ್ತಿದ್ದ. ಗುಲಾಬಿ ಅದಕ್ಕೆಲ್ಲ ಉತ್ತರ ಕೊಡಲು ಹೋಗಲಿಲ್ಲ.

"ಅದೆಲ್ಲ ಕಡಿಗೆ ಹೇಳ್ತೆ. ನಿಮ್ಮನಿ ಬಾಣಲಿಗೆ ಸಮ ಬಪ್ಪ ಮುಚ್ಚಲ್ ಇತ್ತಾ?"

"ನಂಗೆಂತ ಗೊತ್ತ್ ಅಕ್ಕ? ಇವ್ಳತ್ರ ಕೇಳ್ಕ್."

"ಅವ್ಳತ್ರ ಕೇಂಬುದ್ ಬ್ಯಾಡ. ನೀನೇ ಒಳಗ್ ಹೋಯಿ ಕಾಣ್. ನಾನ್ ಫೋನ್ ಹಿಡ್ಕಂಡೇ ಇರ್ತೆ."