ಕರೆವ್ವ ಕರೆವ್ವನೇ ಎಂಬುದಕ್ಕೆ ಸಾಕ್ಷಿ

"ಕೈ ತೊಳಕೊಂಡ ಬಾ ಅಂತ ಎಷ್ಟ ಸಲ ಒದರಬೇಕಬೇ ನಿನಗ? ಮಷೀನಿಗೆ ನೀಲಿ ಹತ್ತತೈತಿ!"

ಬ್ಯಾಂಕಿನ ಗುಮಾಸ್ತ ವೀರೇಶ ಕಿರುಚಿದ ರೀತಿಗೆ ಸಾಲಿನಲ್ಲಿದ್ದ ಇಪ್ಪತ್ತು ಜನರೂ ಕರೆವ್ವನ ಕೈ ನೋಡಿದರು. ಆ ಕೈಯನ್ನು ಅವಳು ಬೆಳಗಿನಿಂದ ಮೂರು ಸಲ ತೊಳೆದಿದ್ದಳು. ಸಾಬೂನು ಆಯಿತು, ಬೂದಿ ಆಯಿತು, ಕೊನೆಗೆ ಎದುರಿನ ಚಹಾದಂಗಡಿಯವನು ಕೊಟ್ಟ ಅರ್ಧ ಲಿಂಬೆಹಣ್ಣೂ ಆಯಿತು. ಹದಿನೆಂಟು ವರ್ಷ ಬನಹಟ್ಟಿಯ ಬಣ್ಣದ ಕಾರ್ಖಾನೆಯಲ್ಲಿ ಸೀರೆಯ ನೂಲನ್ನು ಕುದಿಯುವ ಹಂಡೆಯಲ್ಲಿ ಅದ್ದಿ ತೆಗೆದ ಕೈ ಅದು. ನೀಲಿ ಚರ್ಮದೊಳಗೇ ಇಳಿದು ಕೂತಿತ್ತು.

"ತೊಳದೀನ್ರಿ ಸಾಹೇಬ್ರ. ಇದು ಹೋಗಾಂಗಿಲ್ರಿ."

"ಒತ್ತು. ಹಂಗಲ್ಲಬೇ, ಅದುಮಿ ಒತ್ತು. ಹೂಂ, ಮುಂದಿನ ಬಟ್ಟು."

ಹೆಬ್ಬೆರಳಿನಿಂದ ಶುರುವಾಗಿ ಹತ್ತು ಬೆರಳೂ ಮುಗಿದವು. ಬೆರಳು ಗುರುತಿಸುವ ಪೆಟ್ಟಿಗೆ ಹತ್ತು ಸಲವೂ ಕೆಂಪು ದೀಪ ತೋರಿಸಿ ಕುಂಯ್ ಎಂದಿತು. ಬೆರಳ ಗೆರೆಗಳನ್ನು ಬಣ್ಣದ ಹಂಡೆಯ ಕಾಸ್ಟಿಕ್ ಸೋಡಾ ನೀರು ತಿಂದು ಎಷ್ಟೋ ವರ್ಷವಾಗಿತ್ತು. ಪಾಪ, ಅದನ್ನು ಪೆಟ್ಟಿಗೆಗೆ ಯಾರು ತಿಳಿಸಬೇಕು? ಅದರ ಮಟ್ಟಿಗೆ ಕರೆವ್ವ ಎಂಬ ಹೆಂಗಸು ಇನ್ನೂ ಹುಟ್ಟಿರಲಿಲ್ಲ.

"ಸಹಿ ಮಾಡ್ತೀನ್ರಿ. ರಾತ್ರಿ ಸಾಲ್ಯಾಗ ಕಲತೀನಿ. ಪಾಸ್‌ಬುಕ್ಕಿನ್ಯಾಗ ನಂದ ಸಹಿ ಐತಿ ನೋಡ್ರಿ."

"ಸಹಿ ಯಾರ ಬೇಕಾದ್ರೂ ಮಾಡ್ತಾರ. ಹೊಸಾ ರೂಲ್ ಬಂದೈತಿ. ಬಟ್ಟ ಬೇಕು."

ಹೆಬ್ಬೆಟ್ಟು ಎಂದು ಯಾರೂ ಕರೆಯಬಾರದೆಂದು ನಲವತ್ತರ ವಯಸ್ಸಿನಲ್ಲಿ ಸ್ಲೇಟು ಹಿಡಿದವಳು ಅವಳು. ತನ್ನ ಹೆಸರಿನ ಮೂರಕ್ಷರ ಕೂಡಿಸಲು ಮೂರು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ದೇಶ ಭಾರೀ ಮುಂದೆ ಹೋಗಿ ಮತ್ತೆ ಹೆಬ್ಬೆಟ್ಟಿಗೇ ಬಂದು ನಿಂತಿತ್ತು.

ಬೇರೆ ದಿನವಾಗಿದ್ದರೆ ತಿರುಗಿ ಹೋಗುತ್ತಿದ್ದಳು. ಇವತ್ತು ಹೋಗುವ ಹಾಗಿರಲಿಲ್ಲ. ಅವಳು ತೆಗೆಯಲು ಬಂದದ್ದು, ತನ್ನ ಹೆಸರಿನ ಖಾತೆಯಲ್ಲಿ ಕಾರ್ಖಾನೆಯ ಎಂಟು ಹೆಂಗಸರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ದುಡ್ಡು. ಪಕ್ಕದ ರಬಕವಿಯಲ್ಲಿ ಒಂದು ಶೆಡ್ಡು, ಎರಡು ಹಂಡೆ ಬಾಡಿಗೆಗೆ ಸಿಕ್ಕಿದ್ದವು. ಸಂಜೆಯೊಳಗೆ ಮುಂಗಡ ಕೊಟ್ಟರೆ ನಾಳೆಯಿಂದ ತಮ್ಮ ಕೆಲಸ ತಮ್ಮದು, ಕೈಗೆ ರಬ್ಬರಿನ ಗವಸು ಹಾಕಿಕೊಂಡು ಮಾಡಬಹುದಾದ ಕೆಲಸ. ಆದರೆ ಮಾಲಕ ಹೊಳಬಸಪ್ಪನ ಕಿವಿಗೆ ಇದು ಬೀಳಬಾರದು. ಅವನು ಒಂದು ಫೋನು ಮಾಡಿದರೆ ಶೆಡ್ಡಿನವನು ಬೀಗ ತೆಗೆಯುವುದಿಲ್ಲ, ಊರಿನ ಯಾವ ವ್ಯಾಪಾರಿಯೂ ಅವರಿಗೆ ನೂಲು ಕೊಡುವುದಿಲ್ಲ.

"ಒಂದ ದಾರಿ ಐತಿ," ಎಂದ ವೀರೇಶ. "ನೀ ನೀನ ಹೌದಂತ ಯಾರರ ದೊಡ್ಡ ಮಂದಿ ಸಾಕ್ಷಿ ಹೇಳಬೇಕು. ತಡಿ, ನಿಮ್ಮ ಮಾಲಕರನ್ನ ಕರಸ್ತೀನಿ."

"ಬ್ಯಾಡ್ರಿ ಸಾಹೇಬ್ರ, ಅವರ್ಯಾಕ್ರಿ..."

ಅಷ್ಟರಲ್ಲಿ ಫೋನು ಹಚ್ಚಿಯಾಗಿತ್ತು. "ಸರ, ನಿಮ್ಮ ಕರೆವ್ವ ಖಾತ್ಯಾಗಿನ ರೊಕ್ಕ ಎಲ್ಲಾ ತಗಿಯಾಕ ಬಂದಾಳ್ರಿ. ಹೌದ್ರಿ, ಪೂರಾ!" ಗೋಡೆಯ ಮೇಲೆ, ಅವನ ತಲೆಗೆ ಸರಿಯಾಗಿ, 'ಗ್ರಾಹಕರ ಮಾಹಿತಿ ಗೌಪ್ಯ' ಎಂಬ ಫಲಕ ತೂಗುತ್ತಿತ್ತು. ಅಕ್ಷರಗಳು ಬಹಳ ಚೆನ್ನಾಗಿದ್ದವು.

ಹೊಳಬಸಪ್ಪ ಬಂದ. ಸಾಲು ತಾನಾಗಿ ಸರಿದು ಅವನಿಗೆ ಜಾಗ ಬಿಟ್ಟಿತು, ಕುರ್ಚಿಯೂ ಬಂತು.

"ಏನಬೇ ಕರೆವ್ವಾ, ಇಷ್ಟ ರೊಕ್ಕ ಎಲ್ಲಿಂದ ಬಂತ ನಿನಗ? ಏನ್ ಮಾಡಾಕಿ?"

"ಮಗಳ ಬಾಣಂತನ ಐತ್ರಿ ಸಾವ್ಕಾರ್ರ."

"ಆತು, ಸಾಕ್ಷಿ ಹೇಳ್ತೀನಿ. ವೀರೇಶಾ, ಈಕಿ ಖಾತಿಗೆ ನನ್ನ ಮೊಬೈಲ್ ನಂಬರ ಹಾಕಿಬಿಡು. ಮೆಸೇಜ್ ನನಗ ಬರಲಿ. ಈ ಮಂದೀಗಿ ಏನ್ ತಿಳೀತೈತಿ, ಯಾವನರ ಬೋಳಸ್ತಾನ."

ಇನ್ನು ಆ ಖಾತೆಗೆ ಒಂದು ರೂಪಾಯಿ ಬಂದರೂ ಹೋದರೂ ಮಾಲಕನ ಜೇಬಿನಲ್ಲಿ ಗಂಟೆ ಬಾರಿಸುತ್ತದೆ. ಕರೆವ್ವ ಬಾಯಿ ತೆರೆಯುವ ಮೊದಲೇ ವೀರೇಶ ಸಾಕ್ಷಿಗೆಂದು ಹೊಳಬಸಪ್ಪನ ಆಧಾರ್ ಕಾರ್ಡು ನೋಡಿ ಅದರ ನಂಬರನ್ನು ಪೆಟ್ಟಿಗೆಗೆ ಕುಟ್ಟಿದ್ದ. ಆಮೇಲೆ ತನ್ನ ಕರವಸ್ತ್ರದಿಂದಲೇ ಪೆಟ್ಟಿಗೆಯ ಗಾಜು ಒರೆಸಿ, ದೇವರ ಮುಂದೆ ಕಾಯಿ ಇಡುವವನ ಹಾಗೆ ಅದನ್ನು ಮಾಲಕನ ಮುಂದಿಟ್ಟ.

"ಸಾಕ್ಷಿದಾರರದೂ ಒಂದ ಬಟ್ಟ ಬೇಕ್ರಿ ಸರ."

"ಏನ್ಲೇ ಮಗನ, ನಾ ಹೆಬ್ಬೆಟ್ಟೇನು?" ಹೊಳಬಸಪ್ಪ ಕುರ್ಚಿಯಿಂದ ಎದ್ದ. "ನನ್ನ ಬಟ್ಟಿನ ಗುರ್ತ ತಗೊಂಡ ಯಾರ್ ಏನ್ ಮಾಡ್ತಾರೋ ಯಾರಿಗ್ಗೊತ್ತು? ಪೇಪರ್ ಓದಾಂಗಿಲ್ಲೇನು? ಬಟ್ಟ ಕದ್ದ ಖಾತಿ ಬಳಕೊಂಡ ಹೊಂಟಾರ. ಮನಶ್ಯಾಗ ಪ್ರೈವಸಿ ಅನ್ನೂದ ಒಂದ ಇರತೈತಲೇ! ಸಹಿ ಮಾಡ್ತೀನಿ, ತಗೋ."

"ಖರೇನ್ರಿ ಸರ. ಸಹಿ ಸಾಕ್ರಿ."

ಸಹಿಯನ್ನು ಯಾರು ಬೇಕಾದರೂ ಮಾಡಲಾರರೆಂದು ವೀರೇಶನಿಗೆ ಆ ಗಳಿಗೆಯಲ್ಲೇ ಜ್ಞಾನೋದಯವಾಗಿತ್ತು. ಹತ್ತು ಬೆರಳು ಒತ್ತಿಸಿಕೊಂಡ ಕರೆವ್ವ ಮನುಷ್ಯರ ಲೆಕ್ಕದಲ್ಲಿ ಬರುತ್ತಾಳೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಹೊಳಬಸಪ್ಪ ಪೆನ್ನು ತೆಗೆದು ಕರೆವ್ವನ ಖಾತೆಯ ಅರ್ಜಿಯಲ್ಲಿ ಮೊದಲು ತನ್ನ ಮೊಬೈಲ್ ನಂಬರು ಬರೆಯತೊಡಗಿದ. ಒಂಬತ್ತು, ನಾಲ್ಕು, ನಾಲ್ಕು.

ನಾಲ್ಕನೆಯ ಅಂಕಿ ಬೀಳಲಿಲ್ಲ. ಕರೆವ್ವ ಅವನ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ಗಾಜಿನ ಮೇಲೆ ಅದುಮಿದಳು. ಪೆನ್ನು ಕೆಳಗೆ ಬಿತ್ತು. ಹಸಿರು ದೀಪ ಹತ್ತಿತು.

ಹದಿನೆಂಟು ವರ್ಷ ವಾರದ ಪಗಾರವನ್ನು ಅವಳ ಬೊಗಸೆಗೆ ತಾಗದಂತೆ ಮೇಲಿನಿಂದಲೇ ಉದುರಿಸಿದ ಕೈ ಅದು. ಎಷ್ಟು ಮೆತ್ತಗಿದೆ ಎಂದು ಅವಳಿಗೆ ಈಗ ತಿಳಿಯಿತು.

"ಏಯ್! ಮುಟ್ಟತೀಯೇನ ಸೂಳಿ, ಬಿಡ ಕೈ!"

"ಒಂದ ಸಲಕ್ಕ ಹತ್ತಿತಲ್ರಿ ಹಸರ ದೀಪ! ಎಷ್ಟ ಚಂದ ಗೆರಿ ಅದಾವ್ರಿ ಸಾವ್ಕಾರ್ರ. ನಿಮ್ಮ ಹಂಡ್ಯಾಗಿನ ನೀರ ಒಂದ ದಿನಾನೂ ಮುಟ್ಟಿಲ್ಲಲ್ರಿ, ಅದಕ್ಕ."

"ನಾಳಿಂದ ಕೆಲಸಕ್ಕ ಬಂದರ ಕಾಲ ಮುರೀತೀನಿ!"

"ನಾ ಒಬ್ಬಾಕಿನ ಅಲ್ರಿ." ಕರೆವ್ವನ ದನಿ ಇಡೀ ಬ್ಯಾಂಕಿಗೆ ಕೇಳಿಸಿತು. "ಅನಸವ್ವ ಬರಾಂಗಿಲ್ಲ. ಯಲ್ಲವ್ವ ಬರಾಂಗಿಲ್ಲ. ಎಂಟೂ ಮಂದಿ ಬರಾಂಗಿಲ್ಲ. ರಬಕವ್ಯಾಗ ನಮ್ಮವ ಹಂಡೆ ಹಚ್ಚಾಕತ್ತೇವಿ. ಇಷ್ಟ ದಿನಾ ಮುಚ್ಚಿಟ್ಟಿದ್ವಿ, ಇವತ್ತ ನಾನ ಹೇಳಾಕತ್ತೀನಿ. ಯಾರಿಗ್ ಫೋನ್ ಮಾಡ್ತೀರಿ, ಮಾಡ್ಕೋರಿ."

ಆಮೇಲೆ ವೀರೇಶನ ಕಡೆ ತಿರುಗಿದಳು. "ನಾ ಕರೆವ್ವನ ಅಂತ ಸಾಕ್ಷಿ ಆತಲ್ರಿ ಸಾಹೇಬ್ರ? ಇನ್ನ ರೊಕ್ಕ ಎಣಸ್ರಿ."

ವೀರೇಶ ಎಣಿಸಲಿಲ್ಲ. ಬಾಗಿಲಿನ ಕಡೆ ನೋಡಿ ಕಣ್ಣು ಮಾಡಿದ. ಕಾವಲುಗಾರ ಬಂದೂಕು ಎತ್ತಿಕೊಂಡು ಒಳಗೆ ಎರಡು ಹೆಜ್ಜೆ ಬಂದ. ಹೊಳಬಸಪ್ಪ ಕೈ ಕಿತ್ತುಕೊಳ್ಳಲು ಒದ್ದಾಡುತ್ತಿದ್ದ, ಕರೆವ್ವ ಬಿಟ್ಟಿರಲಿಲ್ಲ.

"ಸರೀರಿ, ದಾರಿ ಬಿಡ್ರಿ," ಎಂದ ಕಾವಲುಗಾರ.

ಸಾಲಿನಲ್ಲಿದ್ದ ಇಪ್ಪತ್ತು ಜನರಲ್ಲಿ ಒಬ್ಬರೂ ಸರಿಯಲಿಲ್ಲ.