ನೀರಾದ ಒಂಬೈನೂರು ವರ್ಷ

ಸೋಮವಾರ ಬೆಳಿಗ್ಗೆ, ಮೈನಸ್ ಮೂವತ್ತು ಡಿಗ್ರಿ ಇರಬೇಕಾದ ಶೀತಕೋಣೆಯ ಬಾಗಿಲು ತೆಗೆದಾಗ ಅವಳ ಬೂಟು ನೀರಿನಲ್ಲಿ ಪಚಕ್ಕೆಂದಿತು.

ಧ್ರುವಪ್ರದೇಶದಲ್ಲಿ ಕೊರೆದು ತಂದ ಮಂಜುಗಡ್ಡೆಯನ್ನು ಹದಿನಾಲ್ಕು ವರ್ಷದಿಂದ ಕತ್ತರಿಸಿ ಪರೀಕ್ಷಿಸುತ್ತಿದ್ದವಳು ಅವಳು. ಅದರಲ್ಲಿ ವರ್ಷಕ್ಕೊಂದು ಪದರ. ಉಪ್ಪು ಹೆಚ್ಚಿದ್ದರೆ ಆ ವರ್ಷ ಕಡಲಲ್ಲಿ ಬಿರುಗಾಳಿ ಜೋರು. ಗಂಧಕದ ಆಮ್ಲ ಸಿಕ್ಕರೆ ಎಲ್ಲೋ ಜ್ವಾಲಾಮುಖಿ ಸಿಡಿದಿದೆ. ಗುಳ್ಳೆಗಳಲ್ಲಿ ಸಿಕ್ಕಿಕೊಂಡದ್ದು ಆ ಕಾಲದ್ದೇ ಗಾಳಿ. ಈಗ ಒಂಬೈನೂರು ವರ್ಷ ಕಲಸಿಹೋಗಿ ಮೋರಿಗೆ ಹರಿಯುತ್ತಿತ್ತು.

ಕೋಣೆಯನ್ನು ತಂಪಾಗಿಡುವ ಯಂತ್ರ ನೋಡಿಕೊಳ್ಳುವವನು ಅವಳ ಸ್ವಂತ ತಮ್ಮ. ಅವಳೇ ಹೇಳಿ ಕೊಡಿಸಿದ್ದ ಕೆಲಸ.

"ಅಲಾರಂ ಯಾಕೆ ಹೊಡೀಲಿಲ್ಲ?"

"ಶುಕ್ರವಾರ ಹೊಡೀತಿತ್ತು, ಅಕ್ಕ. ಅತಿಥಿಗಳು ಬಂದಿದ್ರಲ್ಲ, ಆ ಗಲಾಟೆ ನಿಲ್ಸು ಅಂತ ನಿರ್ದೇಶಕರು ಫೋನ್ ಮಾಡಿದ್ರು. ಆಫ್ ಮಾಡ್ದೆ. ಆಮೇಲೆ ಮರ್ತೇಬಿಟ್ಟೆ."

"ಅದೇನು ಹೊತ್ತು ಹೋಗ್ದೆ ಕೂಗ್ತಿತ್ತಾ? ಒಳಗೆ ಹೋಗಿ ನೋಡೋಕೆ ನಿಂಗೇನಾಗಿತ್ತು?"

ಅವಳು ನೇರ ನಿರ್ದೇಶಕರ ಕೋಣೆಗೆ ಹೋದಳು.

ಮೇಜಿನ ಮೇಲೆ ವರದಿ ಆಗಲೇ ಸಿದ್ಧವಿತ್ತು: ವಿದ್ಯುತ್ ವ್ಯತ್ಯಯದಿಂದಾದ ಹಾನಿ.

"ಸಹಿ ಹಾಕಿ, ಮೇಡಂ. ನಿಮ್ಮ ತಮ್ಮನೂ ಉಳ್ಕೋತಾನೆ. ಎಷ್ಟಾದ್ರೂ ಐಸ್ ತಾನೆ, ಇನ್ನೊಂದ್ಸಲ ತರ್ಸಿದ್ರಾಯ್ತು."

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಎಲ್ಲಿಂದ ತರಿಸ್ತೀರಿ, ಸಾರ್? ನಾವು ಕೊರೆದ ಜಾಗದಲ್ಲಿ ಮೇಲಿನ ಪದರಗಳು ಅಲ್ಲೇ ಕರಗಿಹೋಗಿವೆ. ಉಳಿದಿದ್ದು ಇಲ್ಲಿತ್ತು. ನಿಮ್ಮ ಅತಿಥಿಗಳ ಕಿವಿಗೆ ಕಿರಿಕಿರಿ ಆಗ್ಬಾರ್ದು ಅಂತ ಅದನ್ನೂ ನೀರು ಮಾಡಿದ್ರಿ!"

ವರದಿಯನ್ನು ಅಲ್ಲೇ ಹರಿದು, ಬೇರೆ ಹಾಳೆ ಎಳೆದುಕೊಂಡು ನಡೆದದ್ದೆಲ್ಲ ಬರೆದಳು. ನಿರ್ದೇಶಕರ ಫೋನು, ತಮ್ಮನ ಮರೆವು, ಎರಡನ್ನೂ. ಒಂದಕ್ಷರವೂ ಸೊಟ್ಟಗಾಗಲಿಲ್ಲ.

ಸಂಜೆ ಅಮ್ಮ ಫೋನಿನಲ್ಲೇ ಹರಿಹಾಯ್ದಳು: "ಒಡಹುಟ್ಟಿದವನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ!"

"ಅವನು ಬೇರೆಯವರ ಮಗ ಆಗಿದ್ರೆ ನೀನು ಹೀಗೆ ಅಂತಿದ್ಯಾ?" ಎಂದು ಕೇಳಿ ಫೋನಿಟ್ಟಳು. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತಳು.

ವಿಚಾರಣೆಯಲ್ಲಿ ನಿರ್ದೇಶಕರು ತಾವು ಫೋನೇ ಮಾಡಿರಲಿಲ್ಲ ಎಂದರು. ಆಗ ತಮ್ಮ ಎದ್ದು ನಿಂತು ಮೊಬೈಲಿನಲ್ಲಿದ್ದ ಕರೆಯ ಹೊತ್ತು ತೋರಿಸಿದ. ತಪ್ಪಿನಲ್ಲಿ ತನ್ನ ಪಾಲನ್ನೂ ಒಪ್ಪಿಕೊಂಡ. ಅವನ ಕೆಲಸ ಹೋಯಿತು. ನಿರ್ದೇಶಕರನ್ನು ಬೇರೆ ಕಚೇರಿಗೆ ಕಳಿಸಿದರು, ಅದೂ ಇಷ್ಟೇ ದೊಡ್ಡ ಕುರ್ಚಿಗೆ.

ಹೊರಗೆ ಮೆಟ್ಟಿಲ ಬಳಿ ತಮ್ಮ ಕೇಳಿದ: "ಇನ್ನೂ ಕೋಪಾನಾ, ಅಕ್ಕ?"

"ಹೂಂ. ತುಂಬಾ ದಿನ ಇರುತ್ತೆ," ಎಂದಳು. "ಊಟಕ್ಕೆ ಮನೆಗೆ ಬಾ."