ಬಲದಿಂದ ಎಡಕ್ಕೆ

ಇದ್ದತ್ ಮುಗಿಯಲು ಇನ್ನೂ ನಲವತ್ತು ದಿನ ಇದೆ ಎಂದು ಅತ್ತೆ ಹೇಳುತ್ತಾರೆ. ನಾನು ಎಣಿಸುತ್ತಿಲ್ಲ. ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ಹಾಗಾಗಿ ಹುಮನಾಬಾದಿನ ಅಂಗಡಿಗೆ ನಾನು ಹೋಗುವಂತಿರಲಿಲ್ಲ. ಅಲ್ಲಿದ್ದದ್ದೇ ಬಸವಕಲ್ಯಾಣದ ಈ ಮನೆಗೆ ಬರಬೇಕಿತ್ತು.

ಅಲ್ಲಿದ್ದದ್ದು ಒಂದು ಫೈಲು. ಮಾವ ಅಜೀಮುದ್ದೀನ್ ನಲವತ್ತು ವರ್ಷ ಉರ್ದು ಅಕ್ಷರ ಬರೆದವರು. ಮದುವೆ ಕಾರ್ಡು, ಅಂಗಡಿ ಬೋರ್ಡು, ಗೋರಿಯ ಕಲ್ಲು. ಎರಡು ವರ್ಷದಿಂದ ಕೈ ನಡುಗುತ್ತದೆ. ಅದು ಪೂರ್ತಿ ಸೋಲುವ ಮೊದಲು ನನ್ನ ಗಂಡ ಫಿರೋಜ್ ಅವರಿಂದ ಒಂದೊಂದೇ ಅಕ್ಷರ ಬರೆಸಿಕೊಂಡು, ಸ್ಕ್ಯಾನ್ ಮಾಡಿ, ಆ ಕೈಬರಹದ್ದೇ ಫಾಂಟ್ ಮಾಡಿದ. ಅದರ ಹಳೆಯ ಪ್ರತಿ ಈ ಲ್ಯಾಪ್‌ಟಾಪಿನಲ್ಲಿದೆ. ಗೈನ್ ಅಕ್ಷರದವರೆಗೆ ಬಂದು ನಿಂತಿದೆ. ಮುಂದಿನದು ಫೇ. ಫೇ ಇಲ್ಲದೆ ಫಿರೋಜ್ ಎಂದು ಬರೆಯಲಾಗದು. ಮಗನ ಕಲ್ಲಿನ ಮೇಲೆ ಬೇರೆಯವರ ಅಕ್ಷರ ಬೇಡ ಎಂದು ಮಾವ ಹಟ ಹಿಡಿದಿದ್ದಾರೆ. ಕಲ್ಲು ಖಾಲಿ ಇದೆ.

ಮಧ್ಯಾಹ್ನದ ನಮಾಜಿನ ನಂತರ ಮಾವ ಅಂಗಡಿಯಿಂದ ಫೋನ್ ಮಾಡಿದರು. ಜೊತೆಗೆ ಕಂಪ್ಯೂಟರ್ ರಿಪೇರಿಯ ಜ್ಞಾನೇಶ್ವರ ಇದ್ದ.

"ಭಾಬಿ, ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನಾಕತ್ತದ," ಅಂದ ಜ್ಞಾನೇಶ್ವರ. "ಪೆನ್ ಡ್ರೈವ್ ಹಿಡೀವಲ್ದು. ಇವತ್ತ ಚಾಲೂ ಆಗ್ಯದ, ನಾಳಿ ಆಗತದ ಅಂತ ನಾ ಹೇಳಂಗಿಲ್ರಿ. ಈಗಲೇ ಎಳ್ಕೋರಿ."

"ಎಳ್ಕೊಳ್ಳಾಕ ಅದೇನು ಬಾವಿ ನೀರೇನೋ?" ಅಂದರು ಮಾವ.

"ಚಾಚಾ, ನೀವು ಸುಮ್ಮ ಕೂತ್ರ ಅದು ಕೆಲಸ ಮಾಡತದ."

ಮನೆಗೆ ಬಂದ ಮೇಲೂ ಕೆಲಸ ಮಾಡಲೆಂದು ಫಿರೋಜ್ ಎರಡು ಕಂಪ್ಯೂಟರುಗಳ ನಡುವೆ ದಾರಿ ಮಾಡಿಟ್ಟಿದ್ದ. ಒಂದೇ ಸಾಲು ಟೈಪ್ ಮಾಡಿದರೆ ಫೈಲು ಬರುತ್ತದೆ. ಆ ಸಾಲನ್ನು ನಾನು ಎಂದೂ ಕೇಳಿ ತಿಳಿದುಕೊಂಡಿರಲಿಲ್ಲ. ಅಂಗಡಿಯ ಗೋಡೆಗೆ ಅವನು ಅಂಟಿಸಿದ್ದ ಚೀಟಿಯ ಫೋಟೋವನ್ನು ಮಾವ ಕಳಿಸಿದರು. ಅಕ್ಕಪಕ್ಕ ಎರಡು ಚೌಕ, ಒಳಗೆ ಟೈಪ್ ಮಾಡಬೇಕಾದ ಇಂಗ್ಲಿಷ್ ಅಕ್ಷರ. ಒಂದರ ತಲೆಯ ಮೇಲೆ ಉರ್ದುವಿನಲ್ಲಿ 'ದುಕಾನ್', ಇನ್ನೊಂದರ ಮೇಲೆ 'ಘರ್'. ನೋಡಿಕೊಂಡು ಟೈಪ್ ಮಾಡಿದೆ. ಬೆರಳು ಎಂಟರ್ ಮೇಲಿತ್ತು.

"ಒತ್ತೂಕಿಂತ ಮೊದಲ ಓದಿ ಹೇಳು ಬೇಟಿ," ಅಂದರು ಮಾವ. "ಛಾಪಾಕ್ಕ ಕೊಡೋ ಮೊದಲ ನಾವು ಹಂಗ ಓದತೀವಿ."

"ಮೊದಲು ಮನಿ. ಆಮ್ಯಾಲ ದುಕಾನ್."

"ತಪ್ಪು. ಉರ್ದುದಾಗ ಬರೆದಾನ. ಬಲಗಡೀದು ಮೊದಲು."

ನಾನು ಗುಲ್ಬರ್ಗದಲ್ಲಿ ಕನ್ನಡ ಎಂ.ಎ. ಓದಿದವಳು. ಕಣ್ಣು ತಾನಾಗಿ ಎಡದಿಂದ ಹೊರಟಿತ್ತು.

"ಒತ್ತಬ್ಯಾಡ್ರಿ ಭಾಬಿ," ಅಂದ ಜ್ಞಾನೇಶ್ವರ. ಅವನ ದನಿ ಸಣ್ಣದಾಗಿತ್ತು. "ಮೊದಲು ಬರೆದಲ್ಲಿಂದ ಆಮ್ಯಾಲ ಬರೆದಲ್ಲಿಗೆ ಫೈಲು ಹೋಗತದ. ಒತ್ತಿದ್ರ ನಿಮ್ಮ ಅರ್ಧಾ ಫೈಲು ಬಂದು ಇಲ್ಲಿ ಪೂರಾದ್ರ ಮ್ಯಾಲ ಕೂಡತಿತ್ತು. ಅದು ಒಂದು ಮಾತು ಕೇಳಂಗೂ ಇಲ್ಲ."

ಬೆರಳನ್ನು ಎತ್ತಿದೆ. ಅದು ಬೇರೆ ಯಾರದ್ದೋ ಬೆರಳಿನ ಹಾಗೆ ದೂರದಲ್ಲಿ ಕಾಣಿಸಿತು.

ತಿದ್ದಿ ಬರೆದೆ. ಪಾಸ್‌ವರ್ಡ್ ಕೇಳಿತು. ಅದೂ ಚೀಟಿಯ ಮೂಲೆಯಲ್ಲಿತ್ತು. ಅಕ್ಷರ ಒತ್ತುತ್ತ ಹೋದರೂ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೆಲವು ತಿಂಗಳಿಂದ ನಾನೂ ಹಾಗೇ ಇದ್ದೇನೆ. ಒಳಗೆ ಹೋದದ್ದು ಹೊರಗೆ ಕಾಣುವುದಿಲ್ಲ.

ಫೈಲು ಹೊರಟಿತು. ದಾರಿಯಲ್ಲಿ ಯಾರೂ ಓದಲಾಗದ ಹಾಗೆ ಎಲ್ಲ ಚೂರಾಗಿ ಬರುತ್ತದೆ ಎಂದು ಫಿರೋಜ್ ಹೇಳಿದ್ದ. ಕಣ್ಣು ಮುಚ್ಚಿದೆ. ಒಬ್ಬರ ಕೈ ಒಬ್ಬರು ಹಿಡಿದು ನಡೆಯುವ ಅಕ್ಷರಗಳು ಕೈ ಬಿಟ್ಟು, ಮುಖ ಮರೆಸಿಕೊಂಡು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಬಿಸಿಲಿನಲ್ಲಿ ಸದ್ದಿಲ್ಲದೆ ಬರುತ್ತಿದ್ದವು. ಬಸ್ಸಿನಲ್ಲಿ ಕೂತವರಿಗೆ ತಿಳಿಯುತ್ತಿರಲಿಲ್ಲ. ನಾನೂ ಅವುಗಳ ಜೊತೆ ಸ್ವಲ್ಪ ದೂರ ನಡೆದೆ.

ಪರದೆಯ ಮೇಲೆ ಏರುತ್ತಿದ್ದ ಅಂಕಿ ಶೇಕಡಾ ಎಂಬತ್ತಮೂರಕ್ಕೆ ಬಂದು ನಿಂತಿತು. ಫೋನಿನಲ್ಲಿ ಟಕ್ ಟಕ್ ಕೇಳಿಸಿತು. ಬಹಳ ಹೊತ್ತಿನ ಮೇಲೆ ಎಂಬತ್ತನಾಲ್ಕಾಯಿತು.

ನೂರು.

"ಬಂತೇನು?"

"ಬಂತು ಅಬ್ಬಾ."

"ತೆರಿ. ಅಲಿಫ್‌ನಿಂದ ಓದು. ಬಂದದ ಅಂದ್ರ ನಂಬಂಗಿಲ್ಲ, ಒಂದೊಂದೂ ನೋಡಬೇಕು."

ಅವರು ಹೆಸರು ಹೇಳಿದರು, ನಾನು ಆ ಅಕ್ಷರದ ಮೇಲೆ ಬೆರಳಿಟ್ಟು ಹೂಂ ಎಂದೆ. ಅತ್ತೆ ಅಕ್ಬರಿ ಚಹಾ ಹಿಡಿದು ಬಂದು ಹೆಗಲ ಹಿಂದೆ ನಿಂತರು. "ಅದು ಝೇ ಅಲ್ಲ, ರೇ. ಚುಕ್ಕಿ ಎಲ್ಲದ? ಇಷ್ಟು ಓದಿ ಏನು ಬಂತವ್ವ," ಅಂದರು.

ಗೈನ್ ಆದ ಮೇಲೆ ಮಾವ ಹೆಸರು ಹೇಳಲಿಲ್ಲ.

"ಫೇ ಅದ, ಅಬ್ಬಾ," ಎಂದೆ.

"ಹ್ಯಾಂಗ ಕಾಣತದ?"

"ಹೊಟ್ಟಿ ಒಂದೀಟು ಅಲುಗಿದಂಗ ಅದ."

"ಅವತ್ತು ಕೈ ನಿಲ್ಲಲಿಲ್ಲ. ಹನ್ನೊಂದು ಸಲ ಬರೆಸ್ದ ನನ್ನ ಮಗ. ಬ್ಯಾಸರ ಮಾಡ್ಕೊಳ್ಳಲಿಲ್ಲ." ಆಮೇಲೆ ಕೇಳಿದರು, "ಚುಕ್ಕಿ?"

"ಮ್ಯಾಲ ಅದ. ಒಂದೇ."

"ಕಲ್ಲಿನವಗ ನಾಳಿ ಬಾ ಅಂತೇನಿ. ಮುಂದಿಂದು ಓದು."

ಮುಂದಿನದು ಖಾಫ್. ಎರಡು ಚುಕ್ಕೆ.